ಪಂಪಿನ ಒಪ್ಪಿಗೆ

ಯಂತ್ರಗಳಿಗೆ ಮಾತು ಬಂದ ಮೇಲೆ, ಅವು ಒಪ್ಪಿದವರಿಗೆ ಮಾತ್ರ ಇಂಟರ್ನ್‌ಶಿಪ್ ಸಿಗುತ್ತಿತ್ತು. ಎಂಜಿನಿಯರಿಂಗ್ ಓದುತ್ತಿದ್ದ ರೇಷ್ಮಾ ನದಾಫಳ ಕೈ ಸೋಕಿದರೆ ಲೇತ್ ಯಂತ್ರವಿರಲಿ, ಬಾಯ್ಲರ್ ಇರಲಿ, ಮಿಸುಕುತ್ತಲೇ ಇರಲಿಲ್ಲ. ಜೊತೆಯವರೆಲ್ಲ ಎಲ್ಲೆಲ್ಲೋ ಸೇರಿಕೊಂಡಿದ್ದರು. ಕಾಲೇಜು ಕೊಟ್ಟ ಗಡುವು ಇಂದೇ ಮುಗಿಯುತ್ತಿತ್ತು. ಊರಿನ ಪಂಪ್‌ಹೌಸೂ ಬೇಡವೆಂದರೆ ಅವಳ ಒಂದು ವರ್ಷ ಹಾಳಾದಂತೆಯೇ.

"ಕೈ ಇಡವಾ," ಎಂದರು ಅಲ್ಲಿನ ಎಂಜಿನಿಯರ್ ಬಸಮ್ಮ. "ಚಾಲೂ ಆತಂದ್ರ ನೀ ನಮ್ಮಾಕಿ."

ರೇಷ್ಮಾ ಅಂಗೈಯನ್ನು ಪಂಪಿನ ಮೈಮೇಲೆ ಇಟ್ಟಳು. ಯಂತ್ರದ ಮಾತು ಮುಟ್ಟಿದವರಿಗಷ್ಟೇ ಕೇಳುತ್ತಿತ್ತು.

"ಇವತ್ತ ಬ್ಯಾಡ ತಂಗಿ," ಎಂದಿತು ಪಂಪು. "ಬೇರಿಂಗ್ ಸವದೈತಿ. ತಿರುಗಿದ್ರ ಜೀವಾ ಹೋದಂಗ ಆಗ್ತೈತಿ, ಸ್ವಿಚ್ ಬಂದ್ ಮಾಡೋತನಕ ನಾನಾಗಿ ನಿಲ್ಲಾಕೂ ಬರಂಗಿಲ್ಲ. ಮೇಡಂಗ ಹೇಳು."

ಹೇಳಿದರೆ ಪಂಪು ಬಿಚ್ಚುತ್ತಾರೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ರೇಷ್ಮಾ ಪಂಪಿನ ಹತ್ತಿರಕ್ಕೆ ಬಾಗಿದಳು.

"ಒಂದ ಸಲ ತಿರುಗು," ಎಂದು ಪಿಸುಗುಟ್ಟಿದಳು. "ನಿನ್ನ ಕಾಲಿಗೆ ಬೀಳ್ತೀನಿ." ಕಣ್ಣೀರು ಪಂಪಿನ ಮೇಲೆ ತೊಟ್ಟಿಕ್ಕಿತು.

"ನನ್ನ ಮುಂದ ಯಾರೂ ಹಿಂಗ ಅತ್ತಿಲ್ಲವಾ," ಎಂದಿತು ಪಂಪು. ಆಮೇಲೆ ಮೆಲ್ಲಗೆ ತಿರುಗತೊಡಗಿತು.

ಬಸಮ್ಮ ಚಪ್ಪಾಳೆ ತಟ್ಟಿದರು. "ಭೇಷ್! ನಾಳಿಂದ ಬಾ. ಸಾಕು, ಇನ್ನ ಕೈ ತಗಿ."

ರೇಷ್ಮಾಳಿಗೆ ಕೈ ತೆಗೆಯಲಾಗಲಿಲ್ಲ. ಅಂಗೈಯೊಳಗೆ ಪಂಪು ನರಳುತ್ತಿತ್ತು.

"ಬಂದ್ ಮಾಡ್ರೀ ಮೇಡಂ! ಬೇರಿಂಗ್ ಹೋಗೈತ್ರಿ, ಅದಕ್ಕ ಭಾಳ ನೋವಾಗಾಕತ್ತೈತಿ."

ಬಸಮ್ಮ ಓಡಿ ಹೋಗಿ ಸ್ವಿಚ್ ಬಂದ್ ಮಾಡಿದರು. "ನಿನಗ ಮೊದಲ ಗೊತ್ತಿತ್ತೇನು?"

ಇಲ್ಲ ಎಂದಿದ್ದರೆ ಅವರು ನಂಬುತ್ತಿದ್ದರು. ರೇಷ್ಮಾ ಹೌದೆಂದು ತಲೆಯಾಡಿಸಿದಳು.

ಬಸಮ್ಮ ಬಾಗಿಲ ಕಡೆ ಕೈ ತೋರಿಸಿದರು.