ಪೊಲೀಸರಿಗೆ ಫೋನ್ ಮಾಡಿದವರು

"ಯಾರು ಆ ಚಾಡಿಕೋರ? ಹೆಸರು ಹೇಳಿ ಸಾಕು, ಹಲ್ಲು ಉದುರಿಸ್ತೀನಿ."

ಕೋರ್ಟಿನ ಮೆಟ್ಟಿಲ ಮೇಲೆ ವರ್ಲಿನ್ ಹೋಫರ್ ಬುಸುಗುಡುತ್ತಿದ್ದ. ಪಕ್ಕದಲ್ಲಿ ಹದಿನಾರರ ಮಗಳು ಮಾರ್ಲಿ, ತುಟಿ ಬಿಗಿದುಕೊಂಡು. ಹೋದ ವಾರ ಅವಳು ಚರ್ಚಿನ ಎದುರು ನಿಲ್ಲಿಸಿದ್ದ ಪಿಕಪ್‌ನಲ್ಲಿ, ಹಾಡಹಗಲೇ, ಬಿಯರ್ ಕ್ಯಾನು ಹಿಡಿದು ಕೂತಿದ್ದಳು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಗಾಡಿ ಓಡುತ್ತಿರಲಿಲ್ಲ, ಕ್ಯಾನಿನ ಮುಚ್ಚಳವೂ ತೆರೆದಿರಲಿಲ್ಲ. ಕಾನೂನಿಗೆ ಅದೆಲ್ಲ ಬೇಡ. ಎಳೆಯರ ಕೈಯಲ್ಲಿ ಬಿಯರ್ ಸಿಕ್ಕರೆ ಲೈಸೆನ್ಸಿಗೆ ಸಂಚಕಾರ.

ಸೌತ್ ಡಕೋಟಾದ ಈ ಬಯಲಿನಲ್ಲಿ ಮಕ್ಕಳು ಹದಿನಾಲ್ಕಕ್ಕೇ ಸ್ಟಿಯರಿಂಗ್ ಹಿಡಿಯುತ್ತಾರೆ. ಹಾಲು ತರಬೇಕೆಂದರೂ ಮೈಲಿಗಟ್ಟಲೆ ಹೋಗಬೇಕು. ಬಸ್ಸು ಅನ್ನುವುದೇ ಇಲ್ಲ. ಲೈಸೆನ್ಸು ಹೋಯಿತೆಂದರೆ ಕಾಲು ಮುರಿದಂತೆಯೇ. ಮಾರ್ಲಿಯಂತೂ ಶಾಲೆಯ ವಾಲಿಬಾಲ್ ತಂಡದಲ್ಲಿದ್ದಳು. ಲೈಸೆನ್ಸು ಹೋದರೆ ಆಟವೂ ಅಲ್ಲಿಗೆ ಮುಗಿದಂತೆ.

ವರ್ಲಿನ್‌ನ ಅನುಮಾನ ಪಕ್ಕದ ಹೊಲದ ಮುದುಕ ಎಲ್ಡನ್ ಮೇಲೆ. ಪೆಟ್ರೋಲ್ ಬಂಕಿನಲ್ಲಿ ಎದುರಾದಾಗ ಆ ಮುದುಕ ತಲೆ ತಗ್ಗಿಸಿದ್ದನಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ವರ್ಲಿನ್ ಹತ್ತು ಜನರ ಎದುರು ಬಾಯಿಗೆ ಬಂದಂತೆ ಬೈದಿದ್ದ. ಪಾಪ, ಮುದುಕ ಪೆಟ್ರೋಲನ್ನೂ ಹಾಕಿಸದೆ ಗಾಡಿ ತಿರುಗಿಸಿಕೊಂಡು ಹೋದ.

ಕೋರ್ಟಿಗೆ ಅವರನ್ನು ಕರೆತಂದದ್ದು ವರ್ಲಿನ್‌ನ ಅಕ್ಕ ಡಾರ್ಲಾ, ತನ್ನ ಕಾರಿನಲ್ಲಿ. ಪಿಕಪ್ ಇನ್ನೂ ಚರ್ಚಿನ ಎದುರೇ ನಿಂತಿತ್ತು.

ಒಳಗೆ ವರ್ಲಿನ್ ಮಗಳಿಗಾಗಿ ಗಂಟಲು ಹರಿದುಕೊಂಡ. "ಇವಳು ಕುಡಿಯೋಳಲ್ಲ ಮೇಡಂ. ಬಿಯರ್ ವಾಸನೆ ಅಂದ್ರೆ ಆಗಲ್ಲ. ಜನವರಿ ಹಿಮದಲ್ಲೂ ಕಿಟಕಿ ಇಳಿಸ್ಕೊಂಡೇ ಗಾಡಿ ಓಡಿಸ್ತಾಳೆ."

ಜಡ್ಜಮ್ಮ ಮೆತ್ತಗಿನ ಹೆಂಗಸು. ಮನೆಗೂ ಶಾಲೆಗೂ ಓಡಿಸುವಷ್ಟು ಅನುಮತಿ ಕೊಡಬಹುದು, ಆದರೆ ಕ್ಯಾನು ಎಲ್ಲಿಂದ ಬಂತು ಹೇಳಬೇಕು ಎಂದರು.

"ಪಕ್ಕದ ಸೀಟಿನ ಕೆಳಗಿತ್ತು," ಎಂದಳು ಮಾರ್ಲಿ.

"ಯಾವನೋ ಇಟ್ಟಿರ್ತಾನೆ ಬಿಡಿ," ಎಂದು ವರ್ಲಿನ್ ನಡುವೆ ಬಾಯಿ ಹಾಕಿದ. ಆಮೇಲೆ ದನಿ ತಗ್ಗಿಸಿ, ಅನುಮತಿ ಕೊಡುವುದಾದರೆ ಸಂಜೆ ಹೊತ್ತು ಪೇಟೆಗೂ ಓಡಿಸಲು ಬಿಡಬೇಕು ಎಂದು ಕೇಳಿಕೊಂಡ.

"ಬೇಡ," ಎಂದಳು ಮಾರ್ಲಿ. "ಅನುಮತಿನೂ ಬೇಡ, ಏನೂ ಬೇಡ. ಪೂರ್ತಿ ಕಿತ್ಕೊಳ್ಳಿ."

"ತಲೆ ಕೆಟ್ಟಿದ್ಯೇನೇ? ವಾಲಿಬಾಲಿಗೆ ಯಾರು ಕರ್ಕೊಂಡು ಹೋಗ್ತಾರೆ ನಿನ್ನ?"

ಮಾರ್ಲಿಯ ಕಣ್ಣು ತುಂಬಿತು. ಯಾಕಮ್ಮ ಎಂದು ಜಡ್ಜಮ್ಮ ಕೇಳಿದರು.

"ಕುಡಿದು ಓಡಿಸಿದ ಅಂತ ಅಪ್ಪನ ಲೈಸೆನ್ಸ್ ಕಿತ್ಕೊಂಡ್ರಲ್ಲ, ಅವತ್ತಿಂದ ದಿನಾ ಸಂಜೆ ಬಾರಿಗೆ ಬಿಡೋಳೂ ನಾನೇ, ಎತ್ತಾಕ್ಕೊಂಡು ಬರೋಳೂ ನಾನೇ."

ಆಮೇಲೆ ಅಪ್ಪನ ಕಡೆ ತಿರುಗಿದಳು.

"ಫೋನ್ ಮಾಡಿದ್ದೂ ನಾನೇ. ಉದುರಿಸು ಹಲ್ಲು."