ಒಂದು ಹೂವಿನ ಗೆಲುವು

ಬಡಾವಣೆಯ ಹೂದೋಟ ಸಂಘದ ಚುನಾವಣೆಯಲ್ಲಿ ಮತಚೀಟಿ ಇಲ್ಲ. ತಂತಮ್ಮ ಮನೆಯಲ್ಲಿ ಬಿಟ್ಟ ಒಂದೊಂದು ಹೂವನ್ನು ತಂದು, ಪರದೆಯ ಹಿಂದೆ, ಬೇಕಾದವರ ಹೂದಾನಿಗೆ ಹಾಕಬೇಕು. ಈ ಸಲ ಅಧ್ಯಕ್ಷೆ ಇಂದುಮತಿಯ ಎದುರು ನಿಂತವಳು ಅವಳ ಜೀವದ ಗೆಳತಿ ವಾರಿಜಾ. ನಿಂತ ದಿನದಿಂದ ಇಬ್ಬರ ನಡುವೆ ಮಾತು ನಿಂತಿತ್ತು.

ಎಣಿಸಿದಾಗ ವಾರಿಜಾ ಒಂದೇ ಹೂವಿನಿಂದ ಗೆದ್ದಿದ್ದಳು. ಚಪ್ಪಾಳೆಯ ನಡುವೆ ಅವಳು ತನ್ನ ಹೂದಾನಿ ನೋಡಿದಳು. ಇಂದುಮತಿಯ ಮನೆಯಲ್ಲಲ್ಲದೆ ಬೇರೆಲ್ಲೂ ಇಲ್ಲದ ಹಸಿರು ಗುಲಾಬಿ ಅಲ್ಲಿತ್ತು. ನೆಟ್ಟಗೆ ಅವಳ ಬಳಿಗೇ ಹೋದಳು.

"ಇದನ್ನ ನಿನಗೇ ಹಾಕ್ಕೊಂಡಿದ್ರೆ ನೀನೇ ಗೆಲ್ತಿದ್ದೆಯಲ್ಲೇ, ಪೆದ್ದೀ!"

ಇಂದುಮತಿ ತನ್ನ ಹೂದಾನಿಯಿಂದ ಒಂದು ಹೂ ತೆಗೆದು ಅವಳ ಮುಡಿಗೆ ಸಿಕ್ಕಿಸಿದಳು.

"ಮತ್ತೆ ನಿಮ್ಮ ಹಿತ್ತಲ ಕೆಂಡಸಂಪಿಗೆ ನನ್ನ ಹೂದಾನಿಗೆ ತಾನಾಗೇ ನಡ್ಕೊಂಡು ಬಂತೇನೇ?"