ಗೇಟಿನ ದೃಶ್ಯದಲ್ಲಿ ಪಟ್ಟಾಭಿರಾಮರು

ಕಾರ್ಖಾನೆಯ ಗೇಟು ತೆರೆಯುತ್ತಿದ್ದಂತೆ ಕಂಪ್ಯೂಟರಿನಲ್ಲಿ ಸಿನಿಮಾ ಮತ್ತೆ ನಿಂತಿತು. ಚಿತ್ರ ಅಲ್ಲಾಡಲಿಲ್ಲ, ಮಾತು ಮಾತ್ರ ಮುಂದೆ ಓಡುತ್ತಿತ್ತು.

"ನೋಡಿದ್ಯಾ? ಸರಿಯಾಗಿ ನಾನು ಬರೋ ಹೊತ್ತಿಗೇ!" ಪಟ್ಟಾಭಿರಾಮರು ಮೌಸನ್ನು ಮೇಜಿಗೆ ಕುಟ್ಟಿದರು.

"ನಿಮ್ಮ ಮುಖ ನೋಡಿ ಹೆದರಿರ್ಬೇಕು ಕಣ್ರೀ," ಅಂದರು ವತ್ಸಲಾ ಅಡುಗೆಮನೆಯಿಂದಲೇ.

ಪೀಣ್ಯದ ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ಪಟ್ಟಾಭಿರಾಮರು ಫಿಟರ್ ಆಗಿ ಸೇರಿದ ಹೊಸತರಲ್ಲಿ ಅಲ್ಲೊಂದು ಸಿನಿಮಾದ ಶೂಟಿಂಗ್ ನಡೆದಿತ್ತು. ಶಿಫ್ಟ್ ಮುಗಿಸಿ ಕಾರ್ಮಿಕರು ಹೊರಬರುವ ದೃಶ್ಯ. ಎಲ್ಲರಿಗಿಂತ ಮುಂದೆ ಸೈಕಲ್ ತುಳಿಯುತ್ತ, ಕ್ಯಾಮೆರಾ ಕಡೆ ನೋಡಿ ನಗುವವನು ತಾನೇ ಎಂದು ಅವರು ಅವತ್ತಿನಿಂದ ಹೇಳುತ್ತ ಬಂದಿದ್ದರು. ಹೆಣ್ಣು ನೋಡಲು ಹೋದಾಗಲೂ ಹೇಳಿದ್ದರು, ಮಗಳ ಮದುವೆಯಲ್ಲಿ ಬೀಗರಿಗೂ ಹೇಳಿದ್ದರು. ನಿವೃತ್ತಿಯ ದಿನ ಮ್ಯಾನೇಜರೇ ಭಾಷಣದಲ್ಲಿ "ನಮ್ಮ ಸಿನಿಮಾ ನಟ" ಅಂದಿದ್ದರು. ಟಿವಿಯಲ್ಲಿ ಬಂದಾಗಲೆಲ್ಲ ಆ ಮುಖ ಒದ್ದೆ ಬೆರಳಲ್ಲಿ ಒರೆಸಿದ ಶಾಯಿಯಂತೆ ಕಾಣುತ್ತಿದ್ದುದರಿಂದ ಯಾರೂ ಎದುರಾಡಿರಲಿಲ್ಲ. ಈಗ ಯಾರೋ ಪುಣ್ಯಾತ್ಮರು ಹಳೆಯ ರೀಲನ್ನು ತೊಳೆದು, ಎಚ್‌ಡಿ ಮಾಡಿ, ಇಂಟರ್‌ನೆಟ್ಟಿಗೆ ಹಾಕಿದ್ದರು. ಆದರೆ ಅದನ್ನು ಹೊರುವ ಶಕ್ತಿ ಇವರ ಕಂಪ್ಯೂಟರಿಗಿರಲಿಲ್ಲ.

"ಪಿಕ್ಚರ್ ಹೊಸದಾಗಿದೆ ಸಾರ್, ಕಂಪ್ಯೂಟರ್ ಹಳೇದೇ ಇದೆ," ಅಂದ ದಾಸರಹಳ್ಳಿ ಮೆಟ್ರೋ ಪಕ್ಕದ ಕಂಪ್ಯೂಟರ್ ಅಂಗಡಿಯ ನರೇಶ್. "ಪಿಕ್ಚರ್ ನಿಲ್ದೆ ಓಡ್ಬೇಕಂದ್ರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬೇಕು."

"ಹಾಕಿದ್ರೆ ಮುಖ ಗೊತ್ತಾಗುತ್ತೇನಯ್ಯ?"

"ಗಡ್ಡದ ಒಂದೊಂದು ಕೂದ್ಲೂ ಎಣಿಸ್ಬಹುದು ಸಾರ್."

"ನಾನು ದಿನಾ ಶೇವ್ ಮಾಡ್ತಿದ್ದೆ," ಅಂದರು ಪಟ್ಟಾಭಿರಾಮರು ಹೆಮ್ಮೆಯಿಂದ.

ನರೇಶ್ ಮನೆಗೆ ಬಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗ ಒಳಗಿಂದ ಒಂದು ಜಿರಳೆ ಸಂಸಾರವೇ ಎದ್ದು ಓಡಿತು. ವತ್ಸಲಾ ಪೊರಕೆ ಹಿಡಿದು ಬೆನ್ನಟ್ಟಿದರು. ಹೊಸ ಕಾರ್ಡು ಬೆರಳಷ್ಟು ಹೊರಗೆ ಚಾಚಿಕೊಂಡು, ಡಬ್ಬಿಯ ಮುಚ್ಚಳ ಕೂರಲೇ ಇಲ್ಲ. ಪಟ್ಟಾಭಿರಾಮರು ಅಟ್ಟದಿಂದ ಕಬ್ಬಿಣ ಉಜ್ಜುವ ಅರ ಇಳಿಸಿಕೊಂಡು ಬಂದು, "ಸ್ವಲ್ಪ ಸರಿ, ಅಂಚು ಉಜ್ಜಿಬಿಡ್ತೀನಿ," ಅಂದರು. ನರೇಶ್ ಎರಡೂ ಕೈ ಅಡ್ಡ ಹಿಡಿದ. "ಅಯ್ಯೋ ಸಾರ್, ಕಬ್ಬಿಣದ ಪುಡಿ ಒಳಗೆ ಬಿದ್ರೆ ಎಲ್ಲಾ ಸುಟ್ಟೋಗುತ್ತೆ! ಮುಚ್ಚಳ ತೆಗೆದೇ ಇಡಿ, ಗಾಳಿನೂ ಆಡುತ್ತೆ."

ಭಾನುವಾರ ಸಂಜೆ ಹಿಂದಿನ ಬೀದಿಯಿಂದ ನೀಲಪ್ಪ, ಬಸಮ್ಮ ದಂಪತಿಯನ್ನು ಕರೆಸಲಾಯಿತು. ನೀಲಪ್ಪ ಅದೇ ಕಾರ್ಖಾನೆಯಲ್ಲಿ ಶುರುವಿನಿಂದಲೂ ಪಟ್ಟಾಭಿರಾಮರ ಕೈಕೆಳಗೆ ಹೆಲ್ಪರ್ ಆಗಿ ದುಡಿದವನು. ವತ್ಸಲಾ ಬೋಂಡ ಕರಿದಿದ್ದರು. ಸಿನಿಮಾ ಶುರುವಾಯಿತು. ಎಲ್ಲೂ ತಡೆಯಲಿಲ್ಲ, ಗ್ರೀಸ್ ಹಾಕಿದ ಬೇರಿಂಗಿನಂತೆ ಸರಾಗವಾಗಿ ಓಡಿತು. ಗೇಟು ತೆರೆಯಿತು. ಸೈಕಲ್ ಬಂತು.

"ಇದೇ ನೋಡಿ!" ಪಟ್ಟಾಭಿರಾಮರು ಎದ್ದು ನಿಂತು ಚಿತ್ರವನ್ನು ಅಲ್ಲೇ ನಿಲ್ಲಿಸಿದರು.

ತೆರೆಯ ತುಂಬ ಒಂದು ನಗುಮುಖ. ಮುಂದಿನ ಹಲ್ಲುಗಳ ನಡುವೆ ಸಂದು, ಎಡಗಣ್ಣಿನ ಕೆಳಗೆ ಕಾಳುಮೆಣಸಿನಷ್ಟು ಮಚ್ಚೆ. ಮೂವರೂ ನಿಧಾನವಾಗಿ ನೀಲಪ್ಪನ ಕಡೆ ತಿರುಗಿದರು. ಅದೇ ಸಂದು, ಅದೇ ಮಚ್ಚೆ, ಜೊತೆಗೆ ಅರ್ಧ ಬೋಂಡ.

"ಇದ್ ನೀವಲ್ವಾ?" ಬಸಮ್ಮ ಗಂಡನ ಭುಜ ಅಲ್ಲಾಡಿಸಿದಳು. "ಇಷ್ಟ್ ದಿನ ಯಾಕೆ ಬಾಯ್ಬಿಡ್ಲಿಲ್ಲ?"

"ನಂಗೇನ್ ಗೊತ್ತು? ಸಾರ್ ಯೋಳ್ತಿದ್ರಲ್ಲ, ಅವ್ರೇ ಅಂದ್ಕೊಂಡಿದ್ದೆ," ಅಂದ ನೀಲಪ್ಪ ಗಾಬರಿಯಿಂದ.

ಪಟ್ಟಾಭಿರಾಮರು ಕನ್ನಡಕ ಒರೆಸಿಕೊಂಡರು. ದೃಶ್ಯವನ್ನು ಹಿಂದಕ್ಕೆ ಎಳೆದರು, ಮುಂದಕ್ಕೆ ಬಿಟ್ಟರು, ಮತ್ತೆ ಎಳೆದರು. ಗುರುತಿನವರೆಲ್ಲ ಒಬ್ಬೊಬ್ಬರಾಗಿ ಹೊರಬಂದರು. ಕ್ಯಾಂಟೀನಿನ ಭಟ್ಟರೂ ಬಂದರು. ಅಷ್ಟರಲ್ಲಿ ಕಾರ್ಖಾನೆಯ ಬಸ್ಸು ಗೇಟಿಗೆ ಅಡ್ಡ ನಿಂತು ದೃಶ್ಯ ಮುಗಿಯುತ್ತಿತ್ತು.

"ನೀವೆಲ್ರೀ?" ವತ್ಸಲಾ ಮೆಲ್ಲಗೆ ಕೇಳಿದರು.

"ಬಸ್ಸಿನ ಹಿಂದೆ ಇರ್ಬೇಕು. ನಾನೂ ಸೈಕಲ್ ತುಳ್ಕೊಂಡೇ ಬಂದೆ, ನಗ್ತಾನೇ ಬಂದೆ. ಅದಂತೂ ನೆನಪಿದೆ." ದನಿ ಇಳಿದಿತ್ತು. ಹೆಂಡತಿಯ ಮುಖ ನೋಡಲಾಗದೆ ಅವರು ಮೌಸಿನ ವಯರನ್ನು ಬೆರಳಿಗೆ ಸುತ್ತುತ್ತ ಕುಳಿತರು.

"ಅದಕ್ಯಾಕೆ ಹಾಗ್ ಕೂತಿದ್ದೀರಾ? ನಾನೇನು ಸಿನಿಮಾದವರು ಅಂತ ಒಪ್ಕೊಂಡಿದ್ನಾ?" ಅಂದರು ವತ್ಸಲಾ. "ಕೆಲಸ ಪರ್ಮನೆಂಟ್ ಅಂತ ನಮ್ಮಪ್ಪ ಹೇಳಿದ್ರು, ಒಪ್ಕೊಂಡೆ."

ನೀಲಪ್ಪ ಬೋಂಡವನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡ. "ಸಾರ್, ಅದು ನೀವೇ ಆಗಿರ್ಲಿ ಬಿಡಿ. ಇಷ್ಟ್ ವರ್ಷ ಜೋಪಾನವಾಗಿ ನೋಡ್ಕೊಂಡು ಬಂದಿದ್ದೀರ. ಈ ವಯಸ್ಸಲ್ಲಿ ನಾನ್ ಇಸ್ಕೊಂಡು ಏನ್ ಮಾಡ್ಲಿ?"

"ನೀವ್ ಸುಮ್ಕಿರಿ!" ಬಸಮ್ಮ ಆಗಲೇ ತೆರೆಯ ಮುಂದೆ ನಿಂತು, ಮೊಬೈಲಿನಲ್ಲಿ ಫೋಟೋ ಹೊಡೆದು, ನೆಲಮಂಗಲದ ತಂಗಿಗೆ ಕಳಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ನರೇಶ್ ಅಂಗಡಿಯ ಶಟರ್ ಎತ್ತುವಾಗ ಪಟ್ಟಾಭಿರಾಮರು ಮೆಟ್ಟಿಲ ಮೇಲೆ ಕುಳಿತಿದ್ದರು.

"ಏನ್ ಸಾರ್, ಕ್ಲಾರಿಟಿ ಹೆಂಗಿದೆ?"

"ಸಕ್ಕತ್ತಾಗಿದೆ." ಅವರು ಆಚೀಚೆ ನೋಡಿ, ಹತ್ತಿರ ಸರಿದು, ದನಿ ತಗ್ಗಿಸಿದರು. "ಇದಕ್ಕಿಂತ ದೊಡ್ಡ ಕಾರ್ಡ್ ಹಾಕಿಸಿದ್ರೆ, ಬಸ್ಸಿನ ಹಿಂದೆ ಇರೋರು ಕಾಣ್ತಾರೇನಯ್ಯ?"